ಮೈಲೇಜ್ ಬೇಕಾದರೆ ಗೇರ್ ಯಾವಾಗ ಬದಲಿಸಬೇಕು? ನನ್ನ ಅನುಭವ

ಇಪ್ಪತ್ತಕ್ಕೆ ಎರಡನೇ ಗೇರ್, ನಲವತ್ತಕ್ಕೆ ಮೂರನೆಯದು ಅಂತ ಸ್ಪೀಡಿನ ಲೆಕ್ಕ ಹೇಳುವವರು ಬಹಳ ಜನ. ನಾನು ಸ್ಪೀಡ್ ನೋಡಿ ಗೇರ್ ಹಾಕುವುದಿಲ್ಲ. ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅನ್ನುವ ಲೆಕ್ಕ) ಮುಳ್ಳು ಎಲ್ಲಿದೆ, ಬಲಗಾಲು ಎಷ್ಟು ಒತ್ತಿದೆ, ಇವೆರಡನ್ನೇ ನೋಡುತ್ತೇನೆ.

ನನ್ನದು ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲದ ಪೆಟ್ರೋಲ್ ಕಾರು, ಐದು ಗೇರು. ಸಮತಟ್ಟಾದ ರಸ್ತೆಯಲ್ಲಿ ಮುಳ್ಳು 2000 ದಾಟಿ 2500 ಮುಟ್ಟುವುದರೊಳಗೆ ಮುಂದಿನ ಗೇರ್ ಬಿದ್ದಿರುತ್ತದೆ. ಮೊದಲನೇ ಗೇರ್ ಗಾಡಿ ಹೊರಡುವುದಕ್ಕೆ ಮಾತ್ರ. ಡೀಸೆಲ್ ಆದರೆ ಇನ್ನೂ ಮೊದಲೇ, 1800ರಿಂದ 2000ದೊಳಗೆ ಬದಲಿಸಬಹುದು. ಅದಕ್ಕೆ ಕಡಿಮೆ ಆರ್‌ಪಿಎಂನಲ್ಲೇ ಎಳೆಯುವ ಶಕ್ತಿ ಜಾಸ್ತಿ.

ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿಟ್ಟರೆ ಪೆಟ್ರೋಲ್ ಉಳಿಯುತ್ತದೆ ಅಂತಾರೆ ಅಲ್ವಾ? ಅದು ಪೂರ್ತಿ ನಿಜವಲ್ಲ. ತೀರಾ ಹಗುರವಾಗಿ ಒತ್ತಿದರೆ ಸ್ಪೀಡ್ ಬರುವುದು ತಡವಾಗಿ, ಗಾಡಿ ಕೆಳಗಿನ ಗೇರ್‌ಗಳಲ್ಲೇ ಜಾಸ್ತಿ ಹೊತ್ತು ಓಡುತ್ತದೆ. ಅದೂ ಅಲ್ಲದೆ ಪೆಟ್ರೋಲ್ ಇಂಜಿನ್ನಿನ ಥ್ರಾಟಲ್, ಅಂದರೆ ಗಾಳಿ ಒಳಗೆ ಬಿಡುವ ಕವಾಟ, ಆಗ ಅರೆಮುಚ್ಚಿರುತ್ತದೆ. ಆ ಸಣ್ಣ ಸಂದಿಯಿಂದ ಗಾಳಿ ಎಳೆದುಕೊಳ್ಳುವುದಕ್ಕೇ ಇಂಜಿನ್ ಒಂದಿಷ್ಟು ಶಕ್ತಿ ಖರ್ಚು ಮಾಡಬೇಕು. ಆರ್‌ಪಿಎಂ ಏರಿದಷ್ಟೂ ಒಳಗಿನ ಭಾಗಗಳ ಉಜ್ಜಾಟವೂ ಏರುತ್ತದೆ. ಅದಕ್ಕೇ ನಾನು ಪೆಡಲನ್ನು ಅರ್ಧದಷ್ಟು, ಕೆಲವೊಮ್ಮೆ ಅದಕ್ಕಿಂತ ತುಸು ಜಾಸ್ತಿಯೇ ಒತ್ತಿ, ಬೇಗ ಬೇಗ ಗೇರ್ ಏರಿಸುತ್ತೇನೆ. ಬೇಕಾದ ಸ್ಪೀಡ್ ಬಂತೋ, ಟಾಪ್ ಗೇರ್ ಹಾಕಿ ಕಾಲು ಸಡಿಲ ಬಿಡುತ್ತೇನೆ. ರಸ್ತೆ ಖಾಲಿಯಿದ್ದರೆ ಮೂರರಿಂದ ನೇರ ಐದಕ್ಕೆ. ಆದರೆ ಮುಂದೆ ಕೆಂಪು ದೀಪ ಕಾಣುತ್ತಿದ್ದರೆ ಇದೆಲ್ಲ ಬೇಡ. ಸುಮ್ನೆ ಸ್ಪೀಡ್ ಏರಿಸಿ ಬ್ರೇಕ್ ಒತ್ತಿದರೆ ಸುಟ್ಟ ಪೆಟ್ರೋಲೆಲ್ಲ ದಂಡ.

ಬೇಗ ಏರಿಸುವುದಕ್ಕೂ ಒಂದು ಮಿತಿ ಇದೆ. ಏರು ರಸ್ತೆಯಲ್ಲಿ ಮುಳ್ಳು 1500ಕ್ಕಿಂತ ಕೆಳಗೆ ಇಳಿದಾಗ ಗೇರ್ ಲಿವರ್ ಅಂಗೈಯಲ್ಲೇ ನಡುಗತೊಡಗುತ್ತದೆ. ಕಾಲ ಕೆಳಗಿನಿಂದ ಗುಡುಗುಡು ಸದ್ದು. ಎಷ್ಟು ಒತ್ತಿದರೂ ಗಾಡಿ ಏಳುವುದಿಲ್ಲ. ಆಗ ಹಿಂದೆಮುಂದೆ ನೋಡದೆ ಒಂದು ಗೇರ್ ಇಳಿಸಿಬಿಡಿ, ಅದರಿಂದ ಮೈಲೇಜ್ ಕೆಡುವುದಿಲ್ಲ. ಸಣ್ಣ ಟರ್ಬೊ ಪೆಟ್ರೋಲ್ ಇಂಜಿನ್ ಇದ್ದವರು ಇನ್ನೂ ಹುಷಾರಾಗಿರಬೇಕು. ತೀರಾ ಕಡಿಮೆ ಆರ್‌ಪಿಎಂನಲ್ಲಿ ಜೋರಾಗಿ ತುಳಿದರೆ ಕಿಡಿ ಹತ್ತುವ ಮೊದಲೇ ಪೆಟ್ರೋಲ್ ಉರಿದು ಪಿಸ್ಟನ್ನಿಗೇ ಪೆಟ್ಟು ಬೀಳಬಹುದು.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವ ಅಭ್ಯಾಸ ಬಿಡುವುದು ಒಳ್ಳೆಯದು. ಗೇರ್‌ನಲ್ಲಿದ್ದು ಪೆಡಲ್‌ನಿಂದ ಕಾಲು ಪೂರ್ತಿ ತೆಗೆದರೆ ಈಗಿನ ಫ್ಯುಯೆಲ್ ಇಂಜೆಕ್ಷನ್ ಇಂಜಿನ್‌ಗಳು ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಆಫ್ ಆಗದಿರಲು ಪೆಟ್ರೋಲ್ ಹೋಗುತ್ತಲೇ ಇರಬೇಕು. ಗಾಡಿ ಮೇಲಿನ ಹಿಡಿತವೂ ಕಡಿಮೆ.

ಲಾಭ ಆಯಿತೋ ಇಲ್ಲವೋ ನೋಡಲು ನಾನು ಟ್ಯಾಂಕ್ ಫುಲ್‌ನಿಂದ ಟ್ಯಾಂಕ್ ಫುಲ್‌ವರೆಗೆ ಲೆಕ್ಕ ಹಾಕುತ್ತೇನೆ. ಓಡಿದ ಕಿಲೋಮೀಟರನ್ನು ಮತ್ತೆ ಹಾಕಿಸಿದ ಲೀಟರಿನಿಂದ ಭಾಗಿಸುವುದು, ಅಷ್ಟೇ. ಒಂದೇ ಟ್ಯಾಂಕಿನ ಲೆಕ್ಕ ನಂಬುವುದಿಲ್ಲ. ಟೈರ್ ಗಾಳಿ, ಎಸಿ, ಟ್ರಾಫಿಕ್ ಎಲ್ಲವೂ ಅದನ್ನು ಏರುಪೇರು ಮಾಡುತ್ತವೆ.