ವೂಯಿ ಬೆಟ್ಟದ ಚಹಾ: ಎಲೆ ಜಾಸ್ತಿ ಹಾಕಿ, ಬೇಗ ಬಸಿಯಿರಿ

ಚೀನಾಕ್ಕೆ ಹೋಗಿಬಂದವರು ಒಂದು ಚೆಂದದ ಡಬ್ಬಿ ಕೊಡುತ್ತಾರೆ. ಒಳಗೆ ಉದ್ದುದ್ದ, ಕಪ್ಪನೆಯ, ತಿರುಚಿದ ಎಲೆ. ನಾವು ಅದರಲ್ಲಿ ಒಂದು ಚಮಚ ತೆಗೆದು, ನಮ್ಮ ಟೀ ಪುಡಿ ಹಾಗೆಯೇ ಪಾತ್ರೆಗೆ ಹಾಕಿ ಕುದಿಸುತ್ತೇವೆ. ಕಡೆಗೆ ಕಹಿ ಕಷಾಯ ಕುಡಿದು ಮುಖ ಸಿಂಡರಿಸುತ್ತೇವೆ. ಪಾಪ, ಎಲೆಯದೇನೂ ತಪ್ಪಿಲ್ಲ.

ಈ ಎಲೆ ಬರುವುದು ಫೂಜಿಯಾನ್ ಪ್ರಾಂತ್ಯದ ಉತ್ತರಕ್ಕಿರುವ ವೂಯಿ ಬೆಟ್ಟಗಳಿಂದ. ಯುನೆಸ್ಕೊ 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಜಾಗ ಅದು. ಅಲ್ಲಿ ಕಡಿದಾದ ಬಂಡೆಗಳ ನಡುವಿನ ಕಣಿವೆಯಲ್ಲಿ, ಸಂದಿಗೊಂದಿಯ ಮಣ್ಣಿನಲ್ಲಿ ಚಹಾ ಗಿಡ ಬೆಳೆಯುತ್ತವೆ. ಅದಕ್ಕೇ ಇದು ಬಂಡೆ ಚಹಾ. ಊಲಾಂಗ್ ಜಾತಿಯದು, ಅಂದರೆ ಗ್ರೀನ್ ಟೀಗೂ ಕಪ್ಪು ಚಹಾಕ್ಕೂ ನಡುವಿನದು, ಇದ್ದಿಲ ಕೆಂಡದ ಮೇಲೆ ನಿಧಾನವಾಗಿ ಹುರಿದದ್ದು.

ಕೊಳ್ಳುವಾಗ

ಬಂಡೆ ಚಹಾದಲ್ಲೇ ಹಲವು ತಳಿಗಳಿವೆ. ಹೊಸಬರು ಶುಯಿ ಶಿಯೆನ್ ಎಂಬ ತಳಿ ಕೊಳ್ಳಿ. ರುಚಿ ಮೆತ್ತಗಿರುತ್ತದೆ, ಸಣ್ಣಪುಟ್ಟ ಎಡವಟ್ಟನ್ನು ತಡೆದುಕೊಳ್ಳುತ್ತದೆ. ದಾಲ್ಚಿನ್ನಿಯ ಖಾರ ಇರುವ ರೋಗುಯಿ ಆಮೇಲಿರಲಿ. ಎಲ್ಲರೂ ಕೇಳುವುದು ದಾ ಹೊಂಗ್ ಪಾವ್. ಇದರ ಮೂಲ ಗಿಡಗಳು ಆರೇ ಆರು, ಒಂದು ಬಂಡೆಯ ಮೇಲಿವೆ. 2006ರಿಂದ ಅವುಗಳ ಎಲೆ ಕೀಳುವುದನ್ನೇ ನಿಲ್ಲಿಸಿದ್ದಾರೆ. ಕೊನೆಯ 20 ಗ್ರಾಂ ಬೀಜಿಂಗಿನ ರಾಷ್ಟ್ರೀಯ ಮ್ಯೂಸಿಯಂ ಸೇರಿದೆ. ಹಾಗಾಗಿ ‘ಮೂಲ ಗಿಡದ್ದೇ ಸಾರ್’ ಅಂತ ಯಾರಾದರೂ ಮಾರಲು ಬಂದರೆ ಸುಮ್ನೆ ನಕ್ಕು ಮುಂದೆ ಹೋಗಿ. ಅಂಗಡಿಯಲ್ಲಿ ಆ ಹೆಸರಲ್ಲಿ ಸಿಗುವುದು ಹೆಚ್ಚಾಗಿ ಎರಡು ಮೂರು ತಳಿಗಳ ಮಿಶ್ರಣ. ಅದರಲ್ಲಿ ಕೆಟ್ಟದ್ದೇನಿಲ್ಲ, ಒಳ್ಳೆಯ ಮಿಶ್ರಣ ಒಳ್ಳೆಯ ಚಹಾನೇ. ಆದರೆ ಪೊಟ್ಟಣ ಬಿಚ್ಚುತ್ತಲೇ ಸೆಂಟಿನ ಹಾಗೆ ಮೂಗಿಗೆ ಹೊಡೆದರೆ ಅನುಮಾನ ಪಡಿ. ಇದೇ ಹೆಸರಿನ ಟೀ ಬ್ಯಾಗ್ ಅಂತೂ ಬೇಡವೇ ಬೇಡ.

ನೀರು

ಬೋರ್‌ವೆಲ್ಲಿನ ಗಡಸು ನೀರಾದರೆ ಘಮವೆಲ್ಲ ಸತ್ತುಹೋಗಿ ಮೇಲೆ ಕೆನೆಯಂಥ ಪದರ ಕಟ್ಟುತ್ತದೆ. ಫಿಲ್ಟರ್ ನೀರು ಬಳಸಿ, ಕೊತಕೊತ ಕುದಿಸಿ. ಆರಿಸಿ ಹಾಕುವುದೆಲ್ಲ ಗ್ರೀನ್ ಟೀಗೆ. ಹುರಿದ ಎಲೆಗೆ ಕುದಿನೀರೇ ಬೇಕು.

ಪಾತ್ರೆ ಮತ್ತು ಅಳತೆ

ಗೈವಾನ್ ಎಂದರೆ ಮುಚ್ಚಳ, ತಟ್ಟೆ ಇರುವ ಪಿಂಗಾಣಿ ಬಟ್ಟಲು. 100ರಿಂದ 110 ಮಿಲಿ ಹಿಡಿಯುವಂಥದ್ದು ಸಾಕು. ಅಂಚು ತೆಳ್ಳಗಿದ್ದು ಹೊರಕ್ಕೆ ಬಾಗಿರಬೇಕು, ಇಲ್ಲದಿದ್ದರೆ ಬೆರಳು ಸುಡುತ್ತದೆ. ದುಬಾರಿ ಮಣ್ಣಿನ ಟೀಪಾಟಿಗೆ ಈಗಲೇ ದುಡ್ಡು ಸುರಿಯಬೇಡಿ, ಅಗ್ಗದ್ದರಲ್ಲಿ ನಕಲಿಯೇ ಜಾಸ್ತಿ. ಎಲೆ ಎಂಟು ಗ್ರಾಂ. ಅಲ್ಲಿಂದ ಬರುವ ಪುಟ್ಟ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಅಷ್ಟೇ ಇರುತ್ತದೆ, ತೂಗುವ ತಾಪತ್ರಯವಿಲ್ಲ. ಬಟ್ಟಲು ತುಂಬಿಹೋಯ್ತಲ್ಲ ಅಂತ ಗಾಬರಿಯಾಗಬೇಡಿ.

ಬಟ್ಟಲನ್ನು ಬಿಸಿನೀರಲ್ಲಿ ತೊಳೆದು ಎಲೆ ಹಾಕಿ. ಮೊದಲ ನೀರು ಹೊಯ್ದ ತಕ್ಷಣ ಚೆಲ್ಲಿ.

ಬಸಿಯುವುದು

ಎಲ್ಲರೂ ಎಡವುವುದು ಇಲ್ಲೇ. ಒಂದೋ ಎಲೆ ನೀರಲ್ಲಿ ನೆನೆಯುತ್ತಿರುವಾಗ ಮಾತಿಗೆ ಕೂರುತ್ತಾರೆ, ಇಲ್ಲವೋ ಕೈ ಸುಟ್ಟುಕೊಂಡು ಬಟ್ಟಲು ಬೀಳಿಸುತ್ತಾರೆ.

ನೀರನ್ನು ಅಂಚಿನವರೆಗೆ ತುಂಬಬೇಡಿ, ಬಾಗಿದ ಅಂಚು ಒಣಗಿರಲಿ. ಅನ್ನದ ಗಂಜಿ ಬಸಿಯುವಾಗ ಮಾಡುವಂತೆ ಮುಚ್ಚಳವನ್ನು ಕೊಂಚ ಓರೆ ಮಾಡಿ. ಒಂದು ಅಕ್ಕಿಕಾಳು ತೂರುವಷ್ಟು ಸಂದಿ ಸಾಕು. ಜಾಸ್ತಿ ಬಿಟ್ಟರೆ ಎಲೆ ಹೊರಬರುತ್ತದೆ, ಕಡಿಮೆಯಾದರೆ ನೀರು ಇಳಿಯುವುದಿಲ್ಲ. ಹೆಬ್ಬೆರಳು ಮತ್ತು ನಡುಬೆರಳು ಅಂಚಿನ ಎರಡು ಬದಿಗೆ, ತೋರುಬೆರಳು ಮುಚ್ಚಳದ ಗುಬುಟಿನ ಮೇಲೆ. ಬಟ್ಟಲಿನ ಹೊಟ್ಟೆ ಮುಟ್ಟಲೇಬಾರದು. ಸಂದಿ ನಿಮ್ಮ ಅಂಗೈಯಿಂದ ಆಚೆಗಿರಲಿ, ಸುಡುವುದು ನೀರಿಗಿಂತ ಹಬೆಯೇ. ಈಗ ಹಿಂಜರಿಯದೆ ಪೂರ್ತಿ ಬಗ್ಗಿಸಿ. ಅರ್ಧಂಬರ್ಧ ಬಗ್ಗಿಸಿದರೇ ನೀರು ಬೆರಳಿಗೆ ಹರಿಯುವುದು. ಮೊದಲು ತಣ್ಣೀರು ಹಾಕಿ ನಾಲ್ಕು ಸಲ ಅಭ್ಯಾಸ ಮಾಡಿಬಿಡಿ, ನಾಚಿಕೆ ಬೇಡ.

ನೇರವಾಗಿ ಕಪ್ಪಿಗೆ ಬಸಿಯಬೇಡಿ. ಮೊದಲ ಕಪ್ಪು ತೆಳು, ಕೊನೆಯದು ಗಟ್ಟಿಯಾಗುತ್ತದೆ. ಒಂದು ಗಾಜಿನ ಜಗ್ಗಿಗೆ ಬಸಿದು ಅಲ್ಲಿಂದ ಹಂಚಿ. ಕೊನೆಯ ಹನಿಯವರೆಗೂ ಕಾಯಿರಿ. ಅದೇ ಎಲೆಗೆ ಮತ್ತೆ ಮತ್ತೆ ನೀರು ಹೊಯ್ದು ಬಸಿಯುತ್ತೇವೆ, ಒಂದೊಂದು ಸಲಕ್ಕೆ ಒಂದು ಸುತ್ತು. ತಳದಲ್ಲಿ ಉಳಿದ ಎರಡು ಚಮಚ ನೀರೇ ಮುಂದಿನ ಸುತ್ತನ್ನು ಕಹಿ ಮಾಡುವುದು. ಬಸಿದ ಮೇಲೆ ಮುಚ್ಚಳ ತೆರೆದಿಡಿ, ಎಲೆ ಹಬೆಯಲ್ಲಿ ಬೇಯಬಾರದು.

ಎಷ್ಟು ಹೊತ್ತು? ಮೊದಲ ಮೂರು ಸುತ್ತಿಗೆ ಐದರಿಂದ ಹತ್ತು ಸೆಕೆಂಡು. ಬಸಿಯಲು ಹಿಡಿಯುವ ಸಮಯವೂ ಇದರಲ್ಲೇ ಸೇರಿತು. ಅಂದರೆ ಹೊಯ್ಯುವುದು, ಮುಚ್ಚುವುದು, ಬಸಿಯುವುದು, ಅಷ್ಟೇ. ಆಮೇಲೆ ಸುತ್ತಿಗೆ ಐದೋ ಹತ್ತೋ ಸೆಕೆಂಡು ಏರಿಸುತ್ತಾ ಹೋಗಿ. ಏಳೆಂಟು ಸುತ್ತು ಬರುತ್ತದೆ. ಒಗರು ಹೆಚ್ಚಾಯಿತೆಂದರೆ ಎಲೆ ತೆಗೆಯಬೇಡಿ, ಸಮಯ ಇಳಿಸಿ.

ಗೈವಾನ್ ಇಲ್ಲವೇ? ಪುಟ್ಟ ಸ್ಟೀಲ್ ಲೋಟ, ಟೀ ಸೋಸುವ ಜಾಲರಿ ಇದ್ದರೂ ನಡೆಯುತ್ತದೆ. ಚೆಂದ ಕಾಣಲಿಕ್ಕಿಲ್ಲ, ರುಚಿಗೆ ಮೋಸವಿಲ್ಲ.

ಹಾಲು, ಸಕ್ಕರೆ ಹಾಕಬೇಡಿ. ಹಾಲು ಬೇಕೇಬೇಕು ಅನ್ನುವವರಿಗೆ ಅದೇ ವೂಯಿಯ ತೊಂಗ್‌ಮು ಹಳ್ಳಿಯ ಕಪ್ಪು ಚಹಾ ಇದೆ, ಪೈನ್ ಮರದ ಹೊಗೆಯಲ್ಲಿ ಒಣಗಿಸಿದ್ದು. ಅದು ಹಾಲಿಗೆ ಹೊಂದುತ್ತದೆ. ನನಗಂತೂ ಆ ಹೊಗೆ ವಾಸನೆ ಆಗಿಬರುವುದಿಲ್ಲ.

ಇಡುವುದು

ಮೊದಲ ಗುಟುಕಿಗೇ ಸುಟ್ಟ ವಾಸನೆ ಬಂದರೆ ಎಲೆ ಹೊಸದಾಗಿ ಹುರಿದದ್ದಿರಬಹುದು. ಗಾಳಿಯಾಡದ ತಗಡಿನ ಡಬ್ಬಿಯಲ್ಲಿ ಹಾಕಿ ಎರಡು ಮೂರು ತಿಂಗಳು ಮರೆತುಬಿಡಿ, ಬೆಂಕಿ ಇಳಿಯುತ್ತದೆ. ಫ್ರಿಜ್ ಬೇಡ. ಮಸಾಲೆ ಡಬ್ಬಿಗಳ ಪಕ್ಕವಂತೂ ಖಂಡಿತ ಬೇಡ, ಇಂಗಿನ ವಾಸನೆ ಹಿಡಿದರೆ ಮತ್ತೆ ಬಿಡುವುದಿಲ್ಲ.