ಎಚ್ಚರ ಇರೋ ಪೇಷಂಟ್‌ಗೆ ಬ್ರೈನ್ ಆಪರೇಷನ್: ಅನಸ್ತೇಸಿಯಾ ಕಲೀತಿರೋರಿಗೆ

ಮಾತಿನ ಜಾಗಕ್ಕೋ ಕೈಕಾಲು ಆಡಿಸೋ ಜಾಗಕ್ಕೋ ಅಂಟ್ಕೊಂಡೇ ಗಡ್ಡೆ ಇದ್ರೆ, ಪೇಷಂಟ್ ಎಚ್ಚರ ಇದ್ದು ಮಾತಾಡ್ತಿದ್ರೇನೇ ಸರ್ಜನ್‌ಗೆ ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗೋದು. ಮಿದುಳಿಗೆ ನೋವಾಗಲ್ಲ, ನೋಯೋದು ತಲೆಚರ್ಮ, ಮೂಳೆ ಮೇಲಿನ ಪದರ, ಮಿದುಳು ಸುತ್ತಿರೋ ಗಟ್ಟಿ ಪೊರೆ ಡ್ಯೂರಾ.

ನನ್ನ ಪ್ರಕಾರ ಅರ್ಧ ಅನಸ್ತೇಸಿಯಾ ಹಿಂದಿನ ದಿನ ವಾರ್ಡಲ್ಲೇ ಆಗೋಗತ್ತೆ. ಪಕ್ಕ ಕೂತು ಎಲ್ಲಾ ಹೇಳಿ, ತಲೆ ಅಲ್ಲಾಡದ ಹಾಗೆ ಪಿನ್ ಹಾಕ್ತೀವಿ, ಡ್ರಿಲ್ ಸದ್ದು ತುಂಬಾ ಜೋರಾಗಿ ಕೇಳ್ಸತ್ತೆ, ಕ್ಯಾಥೆಟರ್ (ಮೂತ್ರದ ನಳಿಕೆ) ಇರೋದ್ರಿಂದ ಮೂತ್ರಕ್ಕೆ ಹೋಗ್ಬೇಕು ಅನ್ಸತ್ತೆ, ಟೆಸ್ಟ್ ಮಾಡ್ವಾಗ ಮಾತು ತಡವರಿಸ್ಬೋದು ಹೆದರ್ಬೇಡಿ ಅಂತ. "ಏನೂ ಆಗಲ್ಲ ಬಿಡಿ ಅಮ್ಮ" ಅಂತ ತೇಲಿಸ್ಬೇಡಿ, ಅಲ್ಲಿ ಹೋಗಿ ಗಾಬರಿ ಬಿದ್ರೆ ಯಾವ ಔಷಧಿನೂ ಅವ್ರನ್ನ ಸಮಾಧಾನ ಮಾಡಲ್ಲ. ಮನೇಲಿ ತುಳು, ಹೊರಗೆ ಕನ್ನಡ, ಆಫೀಸಲ್ಲಿ ಇಂಗ್ಲಿಷ್ ಆಡೋರು ನಮ್ಮಲ್ಲಿ ಬೇಕಾದಷ್ಟು ಜನ, ಒಂದು ಭಾಷೆ ಉಳ್ದು ಇನ್ನೊಂದಕ್ಕೆ ಪೆಟ್ಟಾಗ್ಬೋದು, ಅದಕ್ಕೆ ಚಿತ್ರ ತೋರ್ಸಿ ಹೆಸರು ಹೇಳ್ಸೋ ಟೆಸ್ಟನ್ನ ಅಷ್ಟೂ ಭಾಷೇಲಿ ಅವತ್ತೇ ಮಾಡಿ, ಆಗ್ಲೇ ಹೇಳಕ್ಕಾಗದ ಚಿತ್ರಗಳನ್ನ ತೆಗೆದಿಡಿ. ನಿದ್ದೇಲಿ ಉಸಿರು ಕಟ್ಟೋರು, ಬಿಡದೆ ಕೆಮ್ಮೋರು ಇದ್ರೆ ಸರ್ಜನ್ ಹತ್ರ ಮತ್ತೊಮ್ಮೆ ಮಾತಾಡಿ. ಬೆಳಗ್ಗೆ ಫಿಟ್ಸ್ ಮಾತ್ರೆ ತಪ್ಪಿಸ್ಬೇಡಿ.

ಥಿಯೇಟರಲ್ಲಿ ಮುಖ್ಯವಾದದ್ದು ಸ್ಕಾಲ್ಪ್ ಬ್ಲಾಕ್, ಅಂದ್ರೆ ತಲೆಚರ್ಮದ ನರಗಳ ಹತ್ರ ಇಂಜೆಕ್ಷನ್ ಕೊಟ್ಟು ಮರಗಟ್ಸೋದು. ಎರಡೂ ಕಡೆ ಆರಾರು ನರ, ಹುಬ್ಬಿನ ಹತ್ರ ಸುಪ್ರಾಆರ್ಬಿಟಲ್, ಸುಪ್ರಾಟ್ರಾಕ್ಲಿಯರ್, ಕಣ್ಣಿನ ಪಕ್ಕ ಜೈಗೋಮ್ಯಾಟಿಕೋಟೆಂಪೊರಲ್, ಕಿವಿ ಮುಂದೆ ಆರಿಕ್ಯುಲೋಟೆಂಪೊರಲ್, ಹಿಂದೆ ಗ್ರೇಟರ್ ಮತ್ತೆ ಲೆಸ್ಸರ್ ಆಕ್ಸಿಪಿಟಲ್. ಕಿವಿ ಮುಂದೆ ಬೆರಳಿಟ್ಟು ರಕ್ತನಾಳದ ಬಡಿತ ಹುಡ್ಕಿ, ಸಿರಿಂಜಲ್ಲಿ ರಕ್ತ ಬರಲ್ಲ ಅಂತ ಎಳ್ದು ನೋಡಿ ಆಮೇಲೆ ಕೊಡಿ, ಜಾಸ್ತಿ ಕೆಳಗೆ ಹೋದ್ರೆ ಮುಖದ ನರ ಮರಗಟ್ಟಿ ಕಣ್ಣು ಮುಚ್ಚಕ್ಕಾಗಲ್ಲ. ತಲೆಚರ್ಮದಲ್ಲಿ ರಕ್ತ ಓಡಾಟ ಜಾಸ್ತಿ, ಔಷಧಿ ಬೇಗ ಒಳಗೆ ಹೋಗತ್ತೆ, ಹಂಗಾಗಿ ಮರಗಟ್ಸೋ ಔಷಧಿ ರೋಪಿವಕೈನ್ ಕೆಜಿಗೆ 3 ಮಿಲಿಗ್ರಾಂ ದಾಟ್ಬಾರ್ದು, ಸರ್ಜನ್ ಹಾಕೋ ಲೋಕಲ್ಲೂ (ಅದೂ ಮರಗಟ್ಸೋ ಔಷಧಿನೇ) ಲೆಕ್ಕಕ್ಕೆ ಸೇರತ್ತೆ.

ಮೂಳೆ ತೆಗ್ಯೋ ತನಕ ಸೆಡೇಷನ್‌ಗೆ, ಅಂದ್ರೆ ಮಂಪರಲ್ಲಿಡಕ್ಕೆ, ಡೆಕ್ಸ್‌ಮೆಡಿಟೊಮಿಡಿನ್, ಗಂಟೆಗೆ ಕೆಜಿಗೆ 0.2ರಿಂದ 0.7 ಮೈಕ್ರೋಗ್ರಾಂ. ಉಸಿರಾಟ ಅಷ್ಟಾಗಿ ಕುಗ್ಸಲ್ಲ, ನಾಡಿ ಮಾತ್ರ ಇಳಿಯತ್ತೆ, ಗಮನ ಇರ್ಲಿ. ಮಿಡಜೋಲಮ್ ಅನ್ನೋ ಮಂಪರಿನ ಔಷಧಿ ನಾನು ಮುಟ್ಟಲ್ಲ, ಟೆಸ್ಟ್ ಹೊತ್ತಿಗೂ ಮಂಕು ಉಳ್ಕೊಂಡಿರತ್ತೆ. ಮೂಗಿನ ಆಕ್ಸಿಜನ್ ನಳಿಕೆಯಲ್ಲೇ ಕಾರ್ಬನ್ ಡೈಆಕ್ಸೈಡ್ ನೋಡ್ತಾ ಇರಿ, ತಲೆ ಪಿನ್ನಲ್ಲಿ ಸಿಕ್ಕಿರೋವಾಗ ಟ್ಯೂಬ್ ಹಾಕೋದು ಕಷ್ಟ, ಎಲ್‌ಎಂಎ (ಗಂಟಲಲ್ಲಿ ಕೂರ್ಸೋ ಉಸಿರಾಟದ ಮಾಸ್ಕ್) ಕೈಗೆಟುಕೋ ಹಾಗಿಟ್ಕೊಳ್ಳಿ. ಡ್ರೇಪ್ ಬಟ್ಟೆ ಮುಖದ ಮೇಲೆ ಬೀಳ್ಬಾರ್ದು, ಪೇಷಂಟ್‌ಗೆ ನಿಮ್ಮ ಮುಖ ಕಾಣ್ತಾ ಇರ್ಬೇಕು.

ಮ್ಯಾಪಿಂಗ್‌ಗೆ, ಅಂದ್ರೆ ಮಿದುಳಿನ ಯಾವ ಜಾಗ ಯಾವ ಕೆಲಸದ್ದು ಅಂತ ಹುಡುಕಕ್ಕೆ, ಕರೆಂಟ್ ಕೊಡ್ವಾಗ ಫಿಟ್ಸ್ ಬರ್ಬೋದು. ಬಂದ್ರೆ ಮೊದ್ಲು ಕರೆಂಟ್ ನಿಲ್ಸಿ, ಸರ್ಜನ್ ಐಸ್‌ನಂಗೆ ತಣ್ಣಗಿರೋ ಸಲೈನ್‌ನ ಮಿದುಳಿನ ಮೇಲೆ ಸುರೀಬೇಕು, ಬಹಳ ಸಲ ಅಷ್ಟಕ್ಕೇ ನಿಲ್ಲತ್ತೆ, ನಿಲ್ದಿದ್ರೆ ಪ್ರೊಪೊಫಾಲ್ ಅನ್ನೋ ನಿದ್ದೆ ಔಷಧಿ ಸ್ವಲ್ಪ. ಸಲೈನ್ ಟೇಬಲ್ ಮೇಲೆ ಬಂದಿದೆಯಾ ಅಂತ ಕರೆಂಟ್ ಶುರುವಾಗೋ ಮುಂಚೆ ನೀವೇ ಕೇಳಿ.

ಗಡ್ಡೆ ತೆಗ್ದ ಮೇಲೆ ಪೇಷಂಟ್ ಸುಸ್ತಾಗಿರ್ತಾರೆ, ಬಾಯಿ ಒಣಗಿರತ್ತೆ, ಒದ್ದೆ ಗಾಜ್‌ನಲ್ಲಿ ತುಟಿ ಒರ್ಸಿ, ಸೆಡೇಷನ್ ಮತ್ತೆ ಶುರು ಮಾಡಿ. ಹೊಲಿಗೆ ಹೊತ್ತಿಗೆ ಬ್ಲಾಕ್ ಇಳೀತಿದ್ರೆ ಅಂಚಿಗೆ ಇನ್ನೊಂಚೂರು ಲೋಕಲ್ ಹಾಕ್ಸಿ, ಆ ಮುಂಚಿನ ಲೆಕ್ಕ ನೋಡ್ಕೊಂಡು.