ಹಠದ ಲೆಕ್ಕ: ಏಳು ದಿನ, ಮೂರು ಕಾಲಂ

ನೆಲಕ್ಕೆ ಬಿದ್ದು ಹೊರಳಾಡುವ ಕೂಸಿಗೆ ಆ ಹೊತ್ತಿನಲ್ಲಿ ಬುದ್ಧಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಸಿಟ್ಟಿಗೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕು. ಹಾಗಾಗಿ ‘ಭಾಳ ಜಿದ್ದ್ ಮಾಡ್ತದ’ ಎಂದು ಎರಡು-ಮೂರು ವರ್ಷದ ಮಗುವನ್ನು ಕರೆತಂದವರಿಗೆ ನಾನು ಮೊದಲು ಕೊಡುವುದು ಒಂದು ನೋಟ್‌ಬುಕ್ ಕೆಲಸ. ಏಳು ದಿನ, ಮೂರು ಕಾಲಂ: ಶುರುವಾಗುವ ಮೊದಲು ಏನಾಯಿತು, ಎಷ್ಟು ನಿಮಿಷ ನಡೆಯಿತು, ಕೊನೆಗೆ ಏನು ಸಿಕ್ಕಿತು.

ಮೊದಲ ಕಾಲಂನಲ್ಲಿ ಸಾಮಾನ್ಯವಾಗಿ ಹಸಿವು ಮತ್ತು ನಿದ್ದೆಯೇ ಕಾಣುತ್ತವೆ. ಕಲಬುರಗಿಯ ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟಿ, ರಾತ್ರಿ ಕರೆಂಟೂ ಹೋದರೆ ಮರುದಿನ ಸಂಜೆಯ ಹಠ ಖಾತ್ರಿ. ಸೂಪರ್ ಮಾರ್ಕೆಟ್ಟಿಗೋ ಶರಣಬಸವೇಶ್ವರ ಜಾತ್ರೆಗೋ ಹೊರಡುವ ಮುನ್ನ ಉಣಿಸಿ, ‘ಇವತ್ತ ಒಂದೇ ಆಟಿಗಿ’ ಎಂದು ಮನೆಯಲ್ಲೇ ಮಾತಾಡಿಕೊಳ್ಳಬೇಕು. ಅಂಗಡಿ ಮುಂದೆ ನಿಂತು ಹೇಳುವುದು ತಡ.

ಗುಟ್ಟೆಲ್ಲ ಇರುವುದು ಮೂರನೆಯ ಕಾಲಂನಲ್ಲಿ. ಅವ್ವ ಹತ್ತು ನಿಮಿಷ ಗಟ್ಟಿಯಾಗಿ ನಿಲ್ಲುತ್ತಾಳೆ, ಹನ್ನೊಂದನೆಯ ನಿಮಿಷಕ್ಕೆ ಮುತ್ಯಾ ‘ಕೂಸಿಗಿ ಅಳಸಬ್ಯಾಡವ್ವಾ’ ಎಂದು ಮೊಬೈಲ್ ಕೊಡುತ್ತಾನೆ. ಮೊಬೈಲಿಗೆ ಹನ್ನೊಂದು ನಿಮಿಷದ ಅಳು ಬೇಕೆಂದು ಕೂಸು ಕಲಿಯಿತು, ಅಷ್ಟೇ. ಕೊಡುವುದೇ ಆದರೆ ಕೇಳಿದ ತಕ್ಷಣ ಕೊಟ್ಟುಬಿಡಿ, ಅದರಿಂದ ಇಷ್ಟು ಕೆಡುವುದಿಲ್ಲ. ಕೊಡಬಾರದೆಂದಾದರೆ ಮೊದಲು ಮುತ್ಯಾ-ಆಯಿಯರನ್ನು ಒಪ್ಪಿಸಿ. ಕೊಡುವುದು ನಿಲ್ಲಿಸಿದ ಮೊದಲ ಕೆಲವು ದಿನ ಅಳು ಇನ್ನೂ ಜೋರಾಗುತ್ತದೆ. ‘ಈ ಉಪಾಯ ನಡೀಲಿಲ್ರಿ’ ಎಂದು ಮನೆಯವರು ಕೈಬಿಡುವುದೂ ಅಲ್ಲೇ. ನಾಲ್ಕು ದಿನ ತಡೆದು ಐದನೆಯ ದಿನ ಸೋತರೆ ಮೊದಲಿಗಿಂತ ಗಟ್ಟಿ ಹಠ ಸಿಗುತ್ತದೆ.

ಅಳುವ ಹೊತ್ತಿನಲ್ಲಿ ಮಾಡುವುದು ಸ್ವಲ್ಪವೇ. ಸುತ್ತಲಿನ ಸ್ಟೂಲು, ಗ್ಲಾಸು ಸರಿಸಿ. ಒಂದು ಮೊಳ ದೂರದಲ್ಲಿ, ಮುಖಕ್ಕೆ ಮುಖ ಕೊಡದೆ ಓರೆಯಾಗಿ ನೆಲದ ಮೇಲೆ ಕೂತುಕೊಳ್ಳಿ. ‘ನಿನಗ ಸಿಟ್ಟ್ ಬಂದದ. ನಾ ಇಲ್ಲೇ ಕುಂತೀನಿ’ ಎಂದು ಒಂದೇ ಸಲ, ತಗ್ಗಿದ ದನಿಯಲ್ಲಿ. ಆಮೇಲೆ ಮಾತು ಬೇಡ. ‘ಪೊಲೀಸ್ ಬಂದಾನ’ ಎಂಬ ಬೆದರಿಕೆಯಂತೂ ಬೇಡವೇ ಬೇಡ. ಅಳು ಬಿಕ್ಕಳಿಕೆಗೆ ಇಳಿದಾಗ ಕೂಸು ತಾನೇ ಹತ್ತಿರ ಸರಿಯುತ್ತದೆ. ಆಗ ತೊಡೆ ಮೇಲೆ ಕೂರಿಸಿ ನೀರು ಕುಡಿಸಿ. ಹೊಡೆದರೆ, ಕಚ್ಚಿದರೆ ಮಾತ್ರ ಕೈ ಹಿಡಿದು ತಡೆಯಬೇಕು.

ಅತ್ತತ್ತು ಉಸಿರು ಕಟ್ಟಿ ನೀಲಿಯಾಗುವ ಕೂಸುಗಳಿವೆ. ಮಗ್ಗುಲಾಗಿ ಮಲಗಿಸಿ. ಅಲುಗಾಡಿಸಬೇಡಿ, ಬಾಯಿಗೆ ನೀರು ಸುರಿಯಬೇಡಿ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಉಸಿರು ಮರಳುತ್ತದೆ. ಮೊದಲ ಸಲವಾದರೆ ವೈದ್ಯರಿಗೆ ತೋರಿಸಿ ಹಿಮೋಗ್ಲೋಬಿನ್ ನೋಡಿಸಿ. ಕಬ್ಬಿಣಾಂಶ ಕಡಿಮೆಯಿದ್ದರೆ ಇದು ಹೆಚ್ಚಾಗುತ್ತದೆ, ಔಷಧಿಯಿಂದ ಎಷ್ಟೋ ಮಕ್ಕಳಲ್ಲಿ ಕಡಿಮೆಯಾಗುತ್ತದೆ.

ದೊಡ್ಡವರು ತಾಟು ತಳ್ಳಿ ಎದ್ದಾಗಲೂ ಲೆಕ್ಕ ಇದೇ, ವಾದ ಆಗ ಬೇಡ. ‘ಒಂದು ತಾಸು ಬಿಟ್ಟು ಮಾತಾಡೋಣ್ರಿ’ ಎಂದು ಹೊತ್ತು ಹೇಳಿ ಎದ್ದುಹೋಗಿ, ಆ ಹೊತ್ತಿಗೆ ತಪ್ಪದೆ ಬನ್ನಿ. ಬರದಿದ್ದರೆ ಅದು ಮುನಿಸು ಎನಿಸಿಕೊಳ್ಳುತ್ತದೆ. ಕೈ ಎತ್ತಿದರೆ ಅದನ್ನು ಹಠವೆಂದು ಕರೆಯಬಾರದು. ಮಕ್ಕಳೊಂದಿಗೆ ಹೊರಬಂದು 112ಕ್ಕೋ ಮಹಿಳಾ ಸಹಾಯವಾಣಿ 181ಕ್ಕೋ ಫೋನ್ ಮಾಡಿ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವ ಹಿರಿಯರು ಊಟ ತಪ್ಪಿ, ಬೆವರುತ್ತ, ಕೈ ನಡುಗುತ್ತ ಸುಮ್ಮಸುಮ್ಮನೆ ರೇಗಿದರೆ ರಕ್ತದಲ್ಲಿ ಸಕ್ಕರೆ ತೀರಾ ಇಳಿದದ್ದೇ ಸಿಟ್ಟಿನ ಕಾರಣವಿರಬಹುದು. ಎಚ್ಚರವಿದ್ದು ನುಂಗುವಂತಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷಕ್ಕೆ ಸಕ್ಕರೆ ಪರೀಕ್ಷೆ ಮಾಡಿ.